ಎಡಗೈ ಸೋತ ಮೇಲೆ

ಬೈರಾಪಟ್ಟಣದ ನಮ್ಮ ಹುಳುಮನೆಯಲ್ಲಿ ನನ್ನ ತಂದೆಯವರು ಒಂದು ಸಂಜೆ ಸೊಪ್ಪು ಹಾಕುತ್ತಿದ್ದಂತೆಯೇ ಎಡಮಗ್ಗುಲಿಗೆ ಕುಸಿದರು. ಹುಳುಗಳು ನಾಲ್ಕನೆಯ ಜ್ವರ ಕಳೆದು ಎದ್ದಿದ್ದ ಕಾಲ. ವಾಯು ಬಡಿಯಿತೆಂದು ಎಣ್ಣೆ ತಿಕ್ಕಿ, ಬೆಳಗಾಗಲೆಂದು ಕಾದು, ಮರುದಿನ ಮಧ್ಯಾಹ್ನ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದೆವು. ಹೊತ್ತು ಮೀರಿದೆಯೆಂದರು ವೈದ್ಯರು. ತಪ್ಪು ಅನ್ಯರದಲ್ಲ, ಎಂ.ಎ. ಓದಿದ ನನ್ನದೇ.

ವಾರ್ಡಿನ ಹೊರಗೆ ಕುಳಿತ ಆ ದಿನಗಳಲ್ಲಿ ನನಗೆ ಪದೇಪದೇ ನೆನಪಾದವನು ಲೂಯಿ ಪಾಶ್ಚರ್. ಹುಚ್ಚುನಾಯಿಯ ಕಡಿತಕ್ಕೆ ಲಸಿಕೆ ಕಂಡವನೆಂದು ಶಾಲೆಯ ಮಕ್ಕಳೂ ಆತನನ್ನು ಬಲ್ಲರು. ಅದಕ್ಕೆ 17 ವರ್ಷ ಮೊದಲೇ ಆತನ ಎಡಭಾಗ ಸೋತಿತ್ತೆಂಬುದನ್ನೂ, ಆಗ ಆತ ತೊಡಗಿದ್ದುದು ರೇಷ್ಮೆಹುಳುವಿನ ಕೆಲಸದಲ್ಲಿ ಎಂಬುದನ್ನೂ ಬಲ್ಲವರು ವಿರಳ.

1822ರಲ್ಲಿ ಫ್ರಾನ್ಸಿನ ದೋಲ್ ಎಂಬ ಊರಿನಲ್ಲಿ, ಚರ್ಮ ಹದಮಾಡುವವನ ಮಗನಾಗಿ ಆತ ಜನಿಸಿದನು. ರಸಾಯನಶಾಸ್ತ್ರದಲ್ಲಿ ಹೆಸರು ಪಡೆದ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ. 1865ರಲ್ಲಿ ಗಂಟುರೋಗವು ಆಲೆಸ್ ಪ್ರಾಂತದ ಬೆಳೆಗಾರರನ್ನು ಹಾಳುಗೆಡವುತ್ತಿದ್ದಾಗ, ಗುರು ದ್ಯೂಮಾನ ಒತ್ತಾಯಕ್ಕೆ ಕಟ್ಟುಬಿದ್ದು, ರೇಷ್ಮೆಹುಳುವಿನ ಗಂಧವೇ ಇಲ್ಲದ ಪಾಶ್ಚರನು ಅಲ್ಲಿಗೆ ಹೋದನು. ಆ ವರ್ಷವೇ ತಂದೆ ತೀರಿದನು, ಎಳೆಯ ಮಗಳು ಕಮೀಲ್ ಹೋದಳು. ಮರುವರ್ಷ ಇನ್ನೊಬ್ಬ ಮಗಳು ಸೆಸೀಲಳನ್ನು ವಿಷಮಶೀತಜ್ವರ ಒಯ್ದಿತು. ಆದರೂ ಆತ ಸೂಕ್ಷ್ಮದರ್ಶಕವನ್ನು ಬಿಡಲಿಲ್ಲ. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ನೀರಿನಲ್ಲಿ ಅರೆದು, ಅದರ ಒಂದು ತೊಟ್ಟಿನಲ್ಲಿ ರೋಗದ ಕಣಗಳು ಕಂಡರೆ ಮೊಟ್ಟೆಗಳನ್ನು ನಾಶಮಾಡುವ ವಿಧಾನ ಆತನದು. ನಮ್ಮ ಬಿತ್ತನೆ ಕೋಠಿಗಳಲ್ಲಿ ತಾಯಿಚಿಟ್ಟೆಯ ಪರೀಕ್ಷೆ ಇಂದಿಗೂ ನಡೆಯುವುದು ಇದೇ ತತ್ತ್ವದ ಮೇಲೆ.

1868ರ ಅಕ್ಟೋಬರ್ 19. ಆತನಿಗೆ 45ರ ಪ್ರಾಯ. ಎಡಭಾಗವೆಲ್ಲ ಜುಮುಗುಡುತ್ತಿದ್ದರೂ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಹೋಗಿ ರೇಷ್ಮೆಹುಳುವಿನ ವಿಷಯವಾದ ಪ್ರಬಂಧವೊಂದನ್ನು ಓದಿ ಬಂದನು. ರಾತ್ರಿ ಮಾತು ನಿಂತಿತು, ಕೈಕಾಲು ಜಡವಾದವು. ವೈದ್ಯರು ಕಿವಿಯ ಹಿಂದೆ 16 ಜಿಗಣೆಗಳನ್ನು ಹಚ್ಚಿದರು. ಆ ಕಾಲದ ವೈದ್ಯಕ್ಕೆ ತಿಳಿದಿದ್ದುದು ಅಷ್ಟೇ. ಇಂದು ಪಾರ್ಶ್ವವಾಯುವಿಗೆಂದೇ ಮೀಸಲಾದ ವಾರ್ಡುಗಳುಳ್ಳ ಆಸ್ಪತ್ರೆಗಳಲ್ಲಿ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ, ಮೆದುಳಿನ ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಎಂಬುದನ್ನು ಅರಿಯುತ್ತಾರೆ. ಕಟ್ಟಿಕೊಂಡಿದ್ದು, ರೋಗ ತಗಲಿ ನಾಲ್ಕೂವರೆ ಗಂಟೆಯೊಳಗೆ ರೋಗಿ ಬಂದಿದ್ದರೆ, ತಕ್ಕವರಿಗೆ ಹೆಪ್ಪು ಕರಗಿಸುವ ಮದ್ದು ಕೊಡುವರು. ನುಂಗುವ ಶಕ್ತಿಯನ್ನು ಪರೀಕ್ಷಿಸದೆ ದಾದಿಯರು ಗುಟುಕು ನೀರನ್ನೂ ಬಾಯಿಗೆ ಬಿಡುವುದಿಲ್ಲ. ನಾವಾದರೋ ತಂದೆಯವರಿಗೆ ಕಾಫಿ ಕುಡಿಸಿದ್ದೆವು!

ಪಾಶ್ಚರನ ಹಾಸಿಗೆಯ ಬಳಿ ಶಿಷ್ಯರೂ ಮಿತ್ರರೂ ಸರದಿಯಂತೆ ಕುಳಿತರು. ಆತನಿಗಾಗಿ ಕಟ್ಟುತ್ತಿದ್ದ ಪ್ರಯೋಗಶಾಲೆಯ ಕೆಲಸ, ಹೇಗೂ ಸಾಯುವವನೆಂಬ ಎಣಿಕೆಯಿಂದ ನಿಂತುಹೋಯಿತು. ಅದು ಆತನ ಕಿವಿಗೂ ಬಿತ್ತು. ಚಕ್ರವರ್ತಿಯ ಅಪ್ಪಣೆಯಾದ ಮೇಲೆಯೇ ಕೆಲಸಗಾರರು ಮರಳಿದರು. ರೋಗಿಯಾದರೋ ಸುಮಾರು ಒಂದು ವಾರದಲ್ಲಿಯೇ, ಸಪ್ಪೆರೋಗಕ್ಕೆ ಈಡಾಗಬಹುದಾದ ಮೊಟ್ಟೆಗಳನ್ನು ಗುರುತಿಸುವ ಬಗೆಯನ್ನು ಶಿಷ್ಯ ಜೆರ್ನೆಗೆ ಹೇಳಿ ಬರೆಯಿಸಿದನು. 1869ರ ಜನವರಿಯಲ್ಲಿ, ಇನ್ನೂ ನೆಟ್ಟಗೆ ನಡೆಯಲಾರದವನು ಮತ್ತೆ ದಕ್ಷಿಣದ ರೇಷ್ಮೆನಾಡಿಗೆ ಹೊರಟನು. 1870ರಲ್ಲಿ ಪ್ರಕಟವಾದ ರೇಷ್ಮೆಹುಳುವಿನ ಗ್ರಂಥದ ಬಹುಭಾಗ ಆತ ಹೇಳಿ, ಹೆಂಡತಿ ಬರೆದುಕೊಂಡದ್ದು.

ಕೈಕಾಲು ಮೊದಲಿನಂತಾಗಲೇ ಇಲ್ಲ. ಕುರಿಗಳ ನೆರಡಿ ರೋಗದ ಲಸಿಕೆ, 1885ರಲ್ಲಿ ಬಾಲಕ ಜೋಸೆಫ್ ಮೈಸ್ಟರನ ರಕ್ಷಣೆ, ಇವೆಲ್ಲವೂ ಆ ದೇಹದಿಂದಲೇ ಆದವು. ಆತ ವೈದ್ಯನಲ್ಲದ ಕಾರಣ ಹುಡುಗನಿಗೆ ಸೂಜಿ ಚುಚ್ಚಿದವನು ಗ್ರಾಂಶೆ. 1887ರಲ್ಲಿ ರೋಗ ಮರಳಿ ಬಂದು ನಾಲಿಗೆಯನ್ನು ಕಟ್ಟಿತು. ಮರುವರ್ಷ ಆತನ ಹೆಸರಿನ ಸಂಸ್ಥೆ ಪ್ಯಾರಿಸ್ಸಿನಲ್ಲಿ ತೆರೆದಾಗ, ಆತನ ಭಾಷಣವನ್ನು ಓದಿದವನು ಮಗ. 1895ರ ಸೆಪ್ಟೆಂಬರ್ 28ರಂದು, 72ನೆಯ ವಯಸ್ಸಿನಲ್ಲಿ ತೀರಿಕೊಂಡನು.

ನನ್ನ ತಂದೆಯವರು ಈಗ ಹುಳುಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ತಾಯಿ ತಟ್ಟೆಯನ್ನು ಮುಂದೆ ಹಿಡಿದರೆ ಬಲಗೈಯಿಂದ ಸಪ್ಪೆಹುಳುಗಳನ್ನು ಆರಿಸಿ ತೆಗೆಯುತ್ತಾರೆ. ಒಂದು ದಿನ ಈ ಕಥೆಯನ್ನೆಲ್ಲ ಅವರಿಗೆ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆತನ ಹೆಂಡತಿಯ ಹೆಸರೇನೆಂದು ವಿಚಾರಿಸಿದರು. ಮರೀ ಎಂದು ತಿಳಿಸಿದೆ.