ಪರೀಕ್ಷೆ ನಂಬರ್ 233

ಹೆಲೆನ್ ಕೆಲರ್ ಕಥೆ ನಿಮಗೆಲ್ಲ ಸ್ಕೂಲಿನಲ್ಲಿ ಹೇಳಿಯೇ ಇರುತ್ತಾರೆ. 1880ರಲ್ಲಿ ಅಮೆರಿಕದ ಅಲಬಾಮಾದ ಟಸ್ಕಂಬಿಯಾ ಎಂಬ ಊರಿನಲ್ಲಿ ಹುಟ್ಟಿದ ಹುಡುಗಿ. 19 ತಿಂಗಳ ಮಗುವಿದ್ದಾಗ ಕಾಯಿಲೆ ಬಂದು ಕಣ್ಣು, ಕಿವಿ ಎರಡೂ ಹೋದವು. 1887ರಲ್ಲಿ ಆನಿ ಸಲಿವನ್ ಎಂಬ ಟೀಚರ್ ಮನೆಗೆ ಬಂದರು. ಪಂಪಿನ ನೀರು ಒಂದು ಕೈ ಮೇಲೆ ಸುರಿಯುತ್ತಿದ್ದಾಗ ಇನ್ನೊಂದು ಅಂಗೈಯಲ್ಲಿ ನೀರು ಎಂಬ ಪದವನ್ನು ಬೆರಳಿನಿಂದ ಹೇಳಿಕೊಟ್ಟರು. ಪ್ರತಿಯೊಂದು ವಸ್ತುವಿಗೂ ಒಂದು ಹೆಸರಿದೆ ಅಂತ ಆ ಮಗುವಿಗೆ ಹೊಳೆದುಬಿಟ್ಟಿತು.

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಹೆಚ್ಚು ಇಷ್ಟವಾಗಿದ್ದು ಇದರ ಮುಂದಿನ ಭಾಗ. ಮನೆಯಲ್ಲಿ ಕಲಿಯುವುದು ಬೇರೆ, ಕಾಲೇಜಿನ ಎಂಟ್ರೆನ್ಸ್ ಪರೀಕ್ಷೆ ಬರೆಯುವುದು ಬೇರೆ ಅಲ್ವಾ? ಪ್ರಶ್ನೆಪತ್ರಿಕೆ ಕಾಣುವುದಿಲ್ಲ, ಮೇಷ್ಟ್ರು ಹೇಳಿದ್ದು ಕೇಳುವುದಿಲ್ಲ. ಹಾಗಿದ್ದರೆ ಪರೀಕ್ಷೆ ಬರೆಯುವುದು ಹೇಗೆ?

ಹೆಲೆನ್ ಸೇರಬೇಕು ಅಂದುಕೊಂಡದ್ದು ಹಾರ್ವರ್ಡಿನ ಪಕ್ಕದ ರ್‍ಯಾಡ್‌ಕ್ಲಿಫ್ ಕಾಲೇಜಿಗೆ. ಆಗ ಹಾರ್ವರ್ಡ್ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ, ಅವರಿಗೆ ಅಂತಲೇ ಇದ್ದ ಕಾಲೇಜು ಅದು. ಅದಕ್ಕೆ ತಯಾರಾಗಲು ಕೇಂಬ್ರಿಡ್ಜಿನ ಒಂದು ಶಾಲೆ ಸೇರಿದಳು. ಅಲ್ಲಿನ ಪ್ರಿನ್ಸಿಪಾಲ್ ಗಿಲ್ಮನ್ ಮತ್ತು ಜರ್ಮನ್ ಟೀಚರ್ ಇಬ್ಬರೂ ಇವಳೊಬ್ಬಳಿಗೋಸ್ಕರ ಬೆರಳ ಭಾಷೆ ಕಲಿತರು.

1897ರ ಜೂನ್ ಕೊನೆಯಲ್ಲಿ ಮೊದಲ ಸುತ್ತಿನ ಪರೀಕ್ಷೆ ಬಂತು. ಹೆಲೆನ್‌ಗೆ ಆಗಷ್ಟೇ 17 ತುಂಬಿತ್ತು. ಅವಳು ಟೈಪ್‌ರೈಟರಿನಲ್ಲಿ ಉತ್ತರ ಬರೆಯಬೇಕು, ಅದರ ಸದ್ದಿಗೆ ಬೇರೆಯವರಿಗೆ ತೊಂದರೆ. ಹಾಗಾಗಿ ಬೇರೆ ರೂಮು ಕೊಟ್ಟರು, ಯಾರೂ ಒಳಗೆ ಬರದ ಹಾಗೆ ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಿದರು. ಗಿಲ್ಮನ್ ಪ್ರಶ್ನೆಗಳನ್ನು ಅವಳ ಅಂಗೈಯಲ್ಲಿ ಒಂದೊಂದೇ ಅಕ್ಷರವಾಗಿ ಹೇಳುತ್ತಿದ್ದರು. ಸರಿಯಾಗಿ ಅರ್ಥವಾಯಿತಾ ಅಂತ ಖಚಿತ ಮಾಡಿಕೊಳ್ಳಲು ಅವಳು ಅದನ್ನು ಬಾಯಿಬಿಟ್ಟು ಹೇಳಿ ನೋಡಿ, ಆಮೇಲೆ ಟೈಪ್ ಮಾಡುತ್ತಿದ್ದಳು. ಬರೆದದ್ದನ್ನು ಗಿಲ್ಮನ್ ಮತ್ತೆ ಓದಿ ಹೇಳಿದಾಗ ತಪ್ಪುಗಳನ್ನು ತಿದ್ದಿಕೊಳ್ಳುತ್ತಿದ್ದಳು. ವಿದ್ಯಾರ್ಥಿ ಯಾರು ಅಂತ ಗೊತ್ತಾಗಬಾರದು ಅಂತ ಎಲ್ಲರಿಗೂ ನಂಬರ್ ಕೊಟ್ಟಿದ್ದರು, ಅವಳದ್ದು 233. ಟೈಪ್ ಮಾಡಿದ ಉತ್ತರಪತ್ರಿಕೆ ಇನ್ಯಾರದ್ದು ಇರಲು ಸಾಧ್ಯ? ಗುಟ್ಟೇನೂ ಉಳಿಯಲಿಲ್ಲ ಬಿಡಿ. ಎಲ್ಲದರಲ್ಲೂ ಪಾಸಾದಳು. ಜರ್ಮನ್ ಮತ್ತು ಇಂಗ್ಲಿಷಿನಲ್ಲಿ ವಿಶೇಷ ದರ್ಜೆ ಬಂತು.

ಎರಡು ವರ್ಷದ ನಂತರ, 1899ರಲ್ಲಿ ಕೊನೆಯ ಸುತ್ತು. ಅಷ್ಟರೊಳಗೆ ಶಾಲೆಯವರಿಗೂ ಆನಿಗೂ ಭಿನ್ನಾಭಿಪ್ರಾಯ ಬಂದು, ಹೆಲೆನ್‌ಳ ತಾಯಿ ಅವಳನ್ನು ಅಲ್ಲಿಂದ ಬಿಡಿಸಿದ್ದರು. ಖಾಸಗಿ ಮೇಷ್ಟ್ರ ಹತ್ತಿರ ಪಾಠ ನಡೆದಿತ್ತು. ರೇಖಾಗಣಿತದ ಆಕೃತಿಗಳನ್ನು ಒಂದು ದಿಂಬಿನ ಮೇಲೆ ನೇರ ತಂತಿ, ಬಾಗಿದ ತಂತಿ ಜೋಡಿಸಿ ಮುಟ್ಟಿ ನೋಡಿ ಕಲಿಯುತ್ತಿದ್ದಳು. ಈ ಸಲ ಪ್ರಶ್ನೆ ಓದಿ ಹೇಳಲು ಆನಿಗೆ ಅನುಮತಿ ಸಿಗಲಿಲ್ಲ. ಅದರ ಬದಲು ಪರ್ಕಿನ್ಸ್ ಅಂಧರ ಶಾಲೆಯ ವೈನಿಂಗ್ ಎಂಬ ಮೇಷ್ಟ್ರು ಪ್ರಶ್ನೆಪತ್ರಿಕೆಯನ್ನು ಬ್ರೈಲ್ ಲಿಪಿಗೆ ಇಳಿಸಿಕೊಡುವುದು ಅಂತ ಕಾಲೇಜು ತೀರ್ಮಾನಿಸಿತು. ಕೇಳಲು ಚೆನ್ನಾಗಿಯೇ ಇದೆ.

ಆದರೆ ಬ್ರೈಲ್ ಒಂದೇ ಇರಲಿಲ್ಲ! ಇಂಗ್ಲಿಷ್ ಬ್ರೈಲ್ ಬೇರೆ, ಅಮೆರಿಕನ್ ಬ್ರೈಲ್ ಬೇರೆ, ನ್ಯೂಯಾರ್ಕ್ ಪಾಯಿಂಟ್ ಅಂತ ಮತ್ತೊಂದು. ಭಾಷಾ ವಿಷಯಗಳಿಗೆ ತೊಂದರೆಯಾಗಲಿಲ್ಲ, ಎಲ್ಲ ಲಿಪಿಯ ಅಕ್ಷರಗಳೂ ಹೆಲೆನ್‌ಗೆ ಗೊತ್ತಿದ್ದವು. ಬೀಜಗಣಿತದ ಚಿಹ್ನೆಗಳನ್ನು ಮಾತ್ರ ಅವಳು ಇಂಗ್ಲಿಷ್ ಬ್ರೈಲಿನಲ್ಲಷ್ಟೇ ಕಲಿತಿದ್ದಳು. ಪರೀಕ್ಷೆಗೆ ಎರಡು ದಿನ ಇರುವಾಗ ವೈನಿಂಗ್ ಕಳಿಸಿದ ಒಂದು ಹಳೇ ಬೀಜಗಣಿತ ಪತ್ರಿಕೆ ಮುಟ್ಟಿ ನೋಡಿದರೆ ಅಮೆರಿಕನ್ ಚಿಹ್ನೆಗಳು! ಈ ಪತ್ರಿಕೆ ಜೋಡಿಸುವ ನಮಗೆ ಇದರ ಸಂಕಟ ಗೊತ್ತು. ಊರಿನಿಂದ ಬಂದ ಹಳೇ ನುಡಿ ಫೈಲನ್ನು ಇಲ್ಲಿನ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಚಿತ್ರವಿಚಿತ್ರ ಅಕ್ಷರ ಕಾಣುತ್ತವಲ್ಲ, ಹಾಗೆ. ಬರೆದವರದ್ದೂ ತಪ್ಪಿಲ್ಲ, ಓದುವವರದ್ದೂ ತಪ್ಪಿಲ್ಲ.

ಕೂಡಲೇ ಕಾಗದ ಬರೆದು ಚಿಹ್ನೆಗಳ ಪಟ್ಟಿ ತರಿಸಿಕೊಂಡಳು. ಪರೀಕ್ಷೆಯ ಹಿಂದಿನ ರಾತ್ರಿಯೂ ಯಾವುದು ಬ್ರ್ಯಾಕೆಟ್, ಯಾವುದು ವರ್ಗಮೂಲ ಅಂತ ಗೊಂದಲ. ಬೆಳಿಗ್ಗೆ ಸ್ವಲ್ಪ ಬೇಗ ಹೋಗಿ ವೈನಿಂಗ್ ಹತ್ತಿರ ಇನ್ನಷ್ಟು ತಿಳಿದುಕೊಂಡು ಪರೀಕ್ಷೆಗೆ ಕೂತಳು. ಈ ಸಲ ಬರೆದದ್ದನ್ನು ಓದಿ ಹೇಳುವವರೂ ಇರಲಿಲ್ಲ. ಆದರೂ ಪಾಸು.

ಇಲ್ಲೊಂದು ಮಾತು. ಕ್ಲಾಸಿನಲ್ಲಿ ಯಾರಿಗಾದರೂ ಎಕ್ಸ್‌ಟ್ರಾ ಟೈಮೋ ಬೇರೆ ರೂಮೋ ಕೊಟ್ಟರೆ, ಅವನಿಗೆ ಮಾತ್ರ ಯಾಕೆ ಅಂತ ಮಕ್ಕಳು ಕೇಳುತ್ತಾರೆ. ನಮ್ಮಲ್ಲಿ ಎಷ್ಟೋ ಅಪ್ಪ-ಅಮ್ಮಂದಿರು ತಮ್ಮ ಮಗುವಿಗೆ ಅದು ಬೇಕಿದ್ದರೂ ಜನ ಏನಂತಾರೋ ಅಂತ ಕೇಳುವುದೇ ಇಲ್ಲ. ಹೆಲೆನ್‌ಗೆ ಸುಲಭದ ಪ್ರಶ್ನೆ ಒಂದೂ ಬರಲಿಲ್ಲ. ಎಲ್ಲರಿಗೂ ಕೊಟ್ಟ ಲ್ಯಾಟಿನ್, ಗ್ರೀಕ್, ಲೆಕ್ಕವೇ ಅವಳಿಗೂ. ಪ್ರಶ್ನೆ ಅವಳವರೆಗೆ ತಲುಪುವ ದಾರಿ ಮಾತ್ರ ಬೇರೆ. ಆ ದಾರಿಯೇ ಕೆಟ್ಟಿದ್ದರೆ ಪರೀಕ್ಷೆ ಅಳೆಯುವುದು ಬೀಜಗಣಿತವನ್ನಲ್ಲ, ಚುಕ್ಕಿಗಳನ್ನು.

1900ರಲ್ಲಿ ಕಾಲೇಜು ಸೇರಿದಳು. ಖರ್ಚಿನ ವಿಷಯಕ್ಕೆ ಲೇಖಕ ಮಾರ್ಕ್ ಟ್ವೈನ್ ಮುಂದೆ ನಿಂತು, ತಮ್ಮ ಶ್ರೀಮಂತ ಸ್ನೇಹಿತ ಹೆನ್ರಿ ರೋಜರ್ಸ್ ದಂಪತಿಯಿಂದ ಸಹಾಯ ಮಾಡಿಸಿದ್ದರು. ಕ್ಲಾಸಿನಲ್ಲಿ ಪ್ರೊಫೆಸರ್ ಹೇಳಿದ್ದನ್ನೆಲ್ಲ ಆನಿ ಪಕ್ಕದಲ್ಲಿ ಕೂತು ಅಂಗೈಗೆ ಹೇಳುತ್ತಿದ್ದರು. ಕೈ ಕೇಳಿಸಿಕೊಳ್ಳುವ ಕೆಲಸದಲ್ಲಿರುವಾಗ ನೋಟ್ಸ್ ಬರೆಯುವುದು ಹೇಗೆ? ಮನೆಗೆ ಬಂದು ನೆನಪಿದ್ದಷ್ಟನ್ನು ಬರೆದುಕೊಳ್ಳುತ್ತಿದ್ದಳು. ಅವಳ ಹ್ಯಾಮಂಡ್ ಟೈಪ್‌ರೈಟರಿನಲ್ಲಿ ಅಚ್ಚಿನ ಭಾಗವನ್ನು ತೆಗೆದು ಗ್ರೀಕ್, ಫ್ರೆಂಚ್ ಅಥವಾ ಗಣಿತದ ಅಕ್ಷರಗಳದ್ದನ್ನು ಹಾಕಬಹುದಿತ್ತು. ನನ್ನಂಥ ಎಂಜಿನಿಯರಿಗೆ ಹೊಟ್ಟೆಕಿಚ್ಚು ತರಿಸುವ ಮೆಷಿನ್ನು!

ಬ್ರೈಲಿನಲ್ಲಿ ಸಿಗುವ ಪಠ್ಯಪುಸ್ತಕಗಳು ಬಹಳ ಕಡಿಮೆ. ಮಿಕ್ಕಿದ್ದನ್ನೆಲ್ಲ ಆನಿಯೇ ಗಂಟೆಗಟ್ಟಲೆ ಓದಿ ಹೇಳಬೇಕು. ಆನಿಯ ಕಣ್ಣುಗಳೂ ಚಿಕ್ಕಂದಿನಿಂದಲೇ ಕೆಟ್ಟಿದ್ದವು. ಮತ್ತೊಮ್ಮೆ ಓದಲಾ ಅಂತ ಆನಿ ಕೇಳಿದರೆ, ಮರೆತುಹೋಗಿದ್ದರೂ ಎಲ್ಲ ನೆನಪಿದೆ ಅಂತ ಹೆಲೆನ್ ಸುಳ್ಳು ಹೇಳಿದ್ದುಂಟು. ಈ ಓದಿನ ನಡುವೆಯೇ 1903ರಲ್ಲಿ ತನ್ನ ಆತ್ಮಕಥೆಯನ್ನೂ ಪ್ರಕಟಿಸಿದಳು. 1904ರಲ್ಲಿ ಬಿ.ಎ. ಪದವಿ, ಅದೂ ಗೌರವದೊಂದಿಗೆ. ಕಣ್ಣು, ಕಿವಿ ಎರಡೂ ಇಲ್ಲದೆ ಆ ಪದವಿ ಪಡೆದ ಮೊದಲ ವ್ಯಕ್ತಿ. ಅಷ್ಟೂ ಪಾಠಗಳಿಗೆ ಕೂತಿದ್ದ ಆನಿಗೆ ಪದವಿ ಇಲ್ಲ. ಆ ದಿನದ ಬಗ್ಗೆ ಓದುವಾಗಲೆಲ್ಲ ನನಗೆ ಇದೊಂದು ಚುಚ್ಚುತ್ತದೆ.

ಆಮೇಲೆ ಹೆಲೆನ್ ಪುಸ್ತಕ ಬರೆದರು, ದೇಶದೇಶ ಸುತ್ತಿ ಅಂಧರ ಪರವಾಗಿ ದುಡಿದರು. ಇಂಗ್ಲಿಷ್ ಮಾತಾಡುವ ದೇಶಗಳು 1932ರಲ್ಲಿ ಒಂದೇ ಬ್ರೈಲಿಗೆ ಒಪ್ಪಿದವು. ಭಾರತದ ಭಾಷೆಗಳಿಗೂ 1951ರಲ್ಲಿ ಭಾರತಿ ಬ್ರೈಲ್ ಬಂತು, ಕನ್ನಡವನ್ನೂ ಇವತ್ತು ಅದರಲ್ಲೇ ಓದುತ್ತಾರೆ. 1955ರಲ್ಲಿ ಹೆಲೆನ್ ಭಾರತಕ್ಕೂ ಬಂದಿದ್ದರು. ಹುಡುಗಿಯರನ್ನು ಸೇರಿಸದಿದ್ದ ಹಾರ್ವರ್ಡ್ ಅದೇ ವರ್ಷ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಒಬ್ಬ ಹೆಂಗಸಿಗೆ ಅದು ಕೊಟ್ಟದ್ದು ಅದೇ ಮೊದಲು. 1968ರಲ್ಲಿ ತೀರಿಕೊಂಡರು.

ಐದು ವರ್ಷದ ನಂತರ, 1973ರಲ್ಲಿ, ಅಮೆರಿಕದಲ್ಲಿ ಕಾನೂನು ಬಂತು. ನಮ್ಮ ಮಕ್ಕಳ ಶಾಲೆಗಳಲ್ಲಿ 504 ಅಂತ ಕರೆಯುವುದು ಅದರದ್ದೇ ಒಂದು ಸೆಕ್ಷನ್. ಈಗ ಯೂನಿವರ್ಸಿಟಿಗಳಲ್ಲಿ ಇದಕ್ಕೆಂದೇ ಆಫೀಸು ಇರುತ್ತದೆ. ಅಪ್ಪ-ಅಮ್ಮಂದಿರು ಒಂದು ವಿಷಯ ಗಮನಿಸಿ: ಹೈಸ್ಕೂಲಿನ ಪ್ಲಾನ್ ಕಾಲೇಜಿಗೆ ತಾನಾಗಿಯೇ ಹೋಗುವುದಿಲ್ಲ. ಅಲ್ಲಿ ವಿದ್ಯಾರ್ಥಿಯೇ ಆ ಆಫೀಸಿಗೆ ಹೋಗಿ, ಕಾಗದಪತ್ರ ಕೊಟ್ಟು, ತನಗೆ ಏನು ಬೇಕು ಅಂತ ತನ್ನ ಬಾಯಿಂದಲೇ ಕೇಳಬೇಕು.