ಬೆರಳು ಕಳೆದುಕೊಂಡವರ ಪರ ನಿಂತ ರೈತ: ಲೊರೆಂಜೊ ಕಾಫಿನ್

ಸೊಲ್ಲಾಪುರ, ಗುಂತಕಲ್ಲುಗಳಂತಹ ದೊಡ್ಡ ಜಂಕ್ಷನ್‌ಗಳ ನೆರೆಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ರೈಲು ಹೊಸದಲ್ಲ. ಆದರೆ ಒಂದು ಬೋಗಿಯನ್ನು ಇನ್ನೊಂದಕ್ಕೆ ಜೋಡಿಸುವ ಕೈಗಳನ್ನು ಹತ್ತಿರದಿಂದ ಕಂಡವರು ಕಡಿಮೆ. ಆ ಕೈಗಳಿಗಾಗಿ ತನ್ನ ಆಯುಷ್ಯದ ಉತ್ತರಾರ್ಧವನ್ನು ಸವೆಸಿದ ಅಮೆರಿಕದ ರೈತರೊಬ್ಬರ ಕಥೆ ಇದು.

ಲೊರೆಂಜೊ ಕಾಫಿನ್ ಅವರು 1823ರಲ್ಲಿ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದಲ್ಲಿ ಜನಿಸಿದರು. ಓಬರ್ಲಿನ್ ಕಾಲೇಜಿನಲ್ಲಿ ಓದಿ, ಕೆಲಕಾಲ ಶಿಕ್ಷಕರಾಗಿದ್ದು (ಇದನ್ನು ಬರೆಯುವಾಗ ನನಗೆ ತುಸು ಅಭಿಮಾನವೇ), ಬಳಿಕ ಅಯೋವಾದ ಫೋರ್ಟ್ ಡಾಡ್ಜ್ ಬಳಿ ಹೊಲ ಮಾಡಿಕೊಂಡು ನೆಲೆಸಿದರು. ಅಂತರ್ಯುದ್ಧದಲ್ಲಿ ಪಡೆಯೊಂದರ ಧರ್ಮಗುರುವಾಗಿ ಸೇವೆ ಸಲ್ಲಿಸಿದರು. ರೈಲ್ವೆಯ ಕೆಲಸವನ್ನಂತೂ ಅವರು ಎಂದೂ ಮಾಡಿದವರಲ್ಲ.

1874ರಲ್ಲಿ ರೈಲು ಪ್ರಯಾಣ ಮಾಡುತ್ತಿದ್ದಾಗ ಬ್ರೇಕ್‌ಮನ್ ಒಬ್ಬನು ಬೋಗಿ ಜೋಡಿಸುವುದನ್ನು ಕಾಫಿನ್ ನೋಡುತ್ತಿದ್ದರು. ಆಗಿನ ಜೋಡಣೆಗೆ ಕಬ್ಬಿಣದ ಕೊಂಡಿ ಮತ್ತು ಪಿನ್ನು. ಎಂಜಿನ್ ಹಿಂದಕ್ಕೆ ತಳ್ಳುತ್ತಿರುವಂತೆಯೇ ಆಳು ಎರಡು ಬೋಗಿಗಳ ನಡುವೆ ನಿಂತು, ಕೊಂಡಿಯನ್ನು ಕೈಯಲ್ಲಿ ಹಿಡಿದು ಎದುರಿನ ತೂತಿಗೆ ತೂರಿಸಿ, ಪಿನ್ನನ್ನು ಇಳಿಬಿಡಬೇಕು. ಕ್ಷಣ ತಪ್ಪಿದರೆ ಕೈ ಜಜ್ಜಿಹೋಗುತ್ತದೆ. ಕಾಲು ಜಾರಿದರೆ ಪ್ರಾಣವೇ ಹೋಗುತ್ತದೆ. ಅಂದು ಆ ಬ್ರೇಕ್‌ಮನ್‌ನ ಬಲಗೈಯ ಎರಡು ಬೆರಳುಗಳು ಹೋದವು. ಕಾಫಿನ್ ವಿಚಾರಿಸತೊಡಗಿದಾಗ ಇದು ನಿತ್ಯದ ಸಂಗತಿಯೆಂದು ತಿಳಿಯಿತು. ಕೆಲಸಗಾರನ ಅನುಭವವನ್ನು ಅವನ ಕೈಯಲ್ಲಿ ಉಳಿದಿರುವ ಬೆರಳುಗಳಿಂದಲೇ ಅಳೆಯಬಹುದೆಂಬ ಮಾತು ಆ ಕಾಲದಲ್ಲಿ ರೂಢಿಯಲ್ಲಿತ್ತು. ಬ್ರೇಕಿನ ಕಥೆಯೂ ಅಷ್ಟೇ. ಹಿಮ ಗಟ್ಟಿದ ರಾತ್ರಿಯಲ್ಲಿ, ಓಡುವ ಗೂಡ್ಸ್ ಗಾಡಿಯ ನೆತ್ತಿಯ ಮೇಲೆ ಒಂದು ವ್ಯಾಗನ್ನಿನಿಂದ ಮತ್ತೊಂದಕ್ಕೆ ದಾಟುತ್ತ ಕೈಚಕ್ರಗಳನ್ನು ತಿರುಗಿಸಬೇಕಿತ್ತು.

ಇದಕ್ಕೆ ಪರಿಹಾರವೇ ಇರಲಿಲ್ಲವೆಂದಲ್ಲ. ಜಾರ್ಜ್ ವೆಸ್ಟಿಂಗ್‌ಹೌಸ್ ಅವರ ಗಾಳಿಬ್ರೇಕು ಬಳಕೆಗೆ ಬಂದಿತ್ತು. ಬೋಗಿಗಳು ತಾಗಿದೊಡನೆ ತಾನಾಗಿಯೇ ಕೂಡಿಕೊಳ್ಳುವ ಕೊಂಡಿಗೆ ಎಲೈ ಜ್ಯಾನಿ 1873ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಆದರೆ ಲಕ್ಷಾಂತರ ಗೂಡ್ಸ್ ವ್ಯಾಗನ್‌ಗಳಿಗೆ ಇವನ್ನು ಅಳವಡಿಸುವ ಖರ್ಚು ಕಂಪನಿಗಳಿಗೆ ಬೇಡವಾಗಿತ್ತು. ಗಾಯಗೊಂಡವನು ಅಜಾಗರೂಕನೆಂದು ಬರೆದುಬಿಡುವುದು ಅದಕ್ಕಿಂತ ಅಗ್ಗ. ನ್ಯಾಯಾಲಯಗಳೂ, ಅಪಾಯವನ್ನು ಅರಿತೇ ಕೆಲಸಕ್ಕೆ ಸೇರಿದವನು ಆ ಅಪಾಯವನ್ನು ತಾನೇ ಒಪ್ಪಿಕೊಂಡಂತೆ ಎನ್ನುತ್ತಿದ್ದವು. ಹಸಿದವನ ಒಪ್ಪಿಗೆಗೆ ಎಷ್ಟು ಬೆಲೆ ಎಂದು ಯಾರೂ ಕೇಳಿದಂತಿಲ್ಲ.

ಕಾಫಿನ್ ತಮ್ಮದೇ ಹಣ ಸುರಿದು ಊರೂರು ಅಲೆದರು, ಪತ್ರಿಕೆಗಳಿಗೆ ಬರೆದರು, ಚರ್ಚುಗಳಲ್ಲಿ ಮಾತನಾಡಿದರು. ಅನೇಕರು ಅವರನ್ನು ತಲೆಕೆಟ್ಟ ಮುದುಕನೆಂದೇ ಎಣಿಸಿದರು. 1883ರಲ್ಲಿ ಅಯೋವಾದ ರೈಲ್ವೆ ಕಮಿಷನರ್ ಆಗಿ ನೇಮಕಗೊಂಡ ಮೇಲೆ ಅವರ ಮಾತಿಗೆ ತೂಕ ಬಂದಿತು. ಬೋಗಿ ತಯಾರಕರ ಸಮ್ಮೇಳನಗಳಿಗೂ ಹೋಗಿ ಬೆನ್ನು ಹತ್ತಿದರು. ಅಯೋವಾದ ಬರ್ಲಿಂಗ್ಟನ್‌ನಲ್ಲಿ 1886 ಮತ್ತು 1887ರಲ್ಲಿ 50 ವ್ಯಾಗನ್‌ಗಳ ಗಾಡಿಗಳ ಮೇಲೆ ಬ್ರೇಕುಗಳ ಪರೀಕ್ಷೆ ನಡೆಯಿತು. ಮೊದಲ ಪ್ರಯೋಗಗಳು ಸೋತವು: ಬ್ರೇಕು ಹಿಂದಿನ ವ್ಯಾಗನ್‌ಗಳನ್ನು ತಡವಾಗಿ ತಲುಪಿ, ಅವು ಮುಂದಿನವುಗಳಿಗೆ ಅಪ್ಪಳಿಸುತ್ತಿದ್ದವು. ವೆಸ್ಟಿಂಗ್‌ಹೌಸ್ ಕವಾಟವನ್ನು ತಿದ್ದಿ ಮತ್ತೆ ಬಂದರು. 1887ರ ಶರತ್ಕಾಲದಲ್ಲಿ ಉದ್ದನೆಯ ಗಾಡಿ ಜಗ್ಗಾಟವಿಲ್ಲದೆ ನಿಂತಿತು. ಸಾಧ್ಯವಿಲ್ಲ ಎಂಬ ನೆಪ ಅಲ್ಲಿಗೆ ಮುಗಿಯಿತು.

1890ರಲ್ಲಿ ಅಯೋವಾ ಕಾನೂನು ಮಾಡಿತು. ಆದರೆ ವ್ಯಾಗನ್‌ಗಳು ಒಂದೇ ಸಂಸ್ಥಾನದಲ್ಲಿ ಉಳಿಯುವುದಿಲ್ಲವಷ್ಟೆ. ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬೇಕಾಗಿತ್ತು. ರೈಲು ಕಾರ್ಮಿಕನ ಅಪಾಯವನ್ನು ಯುದ್ಧಭೂಮಿಯ ಸೈನಿಕನ ಅಪಾಯಕ್ಕೆ ಹೋಲಿಸಿದ್ದ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್, ಅಧಿಕಾರ ಬಿಡಲು ಎರಡೇ ದಿನವಿರುವಾಗ, 1893ರ ಮಾರ್ಚ್ 2ರಂದು ರೈಲ್ವೆ ಸುರಕ್ಷಾ ಸಾಧನಗಳ ಕಾಯಿದೆಗೆ ಸಹಿ ಹಾಕಿದರು. ಗಾಳಿಬ್ರೇಕು, ತಾನೇ ಕೂಡುವ ಕೊಂಡಿ, ಹಿಡಿದುಕೊಳ್ಳಲು ಕಬ್ಬಿಣದ ಹಿಡಿಗಳು ಕಡ್ಡಾಯವಾದವು. ಕಾಯಿದೆಗೆ ವಿರುದ್ಧವಾದ ಬೋಗಿಯಿಂದ ಗಾಯಗೊಂಡವನು ಅಪಾಯವನ್ನು ಒಪ್ಪಿಕೊಂಡಿದ್ದನೆಂದು ಭಾವಿಸಬಾರದೆಂಬ ವಿಧಿಯೂ ಅದರಲ್ಲಿ ಸೇರಿತು. ನನ್ನ ದೃಷ್ಟಿಯಲ್ಲಿ ಕೊಂಡಿಗಿಂತ ದೊಡ್ಡದು ಈ ವಿಧಿಯೇ.

ಕಂಪನಿಗಳು ಗಡುವನ್ನು 1898ರಿಂದ 1900ಕ್ಕೆ ಮುಂದೂಡಿಸಿಕೊಂಡವು. ಯೂಟಾದಲ್ಲಿ ಎಂಜಿನ್ನನ್ನು ಜೋಡಿಸುವಾಗ ಕೈ ಕಳೆದುಕೊಂಡ ಕಾರ್ಮಿಕನೊಬ್ಬನಿಗೆ, ಎಂಜಿನ್ ಎಂದರೆ ಬೋಗಿಯಲ್ಲ ಎಂದು ಕೆಳಗಿನ ನ್ಯಾಯಾಲಯಗಳು ಪರಿಹಾರ ನಿರಾಕರಿಸಿದ್ದವು; 1904ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಅಂಕಿಗಳೂ ಮಾತನಾಡಿದವು. ಬೋಗಿ ಜೋಡಿಸುವಾಗ 1893ರಲ್ಲಿ 433 ಕಾರ್ಮಿಕರು ಸತ್ತು 11,277 ಮಂದಿ ಗಾಯಗೊಂಡಿದ್ದರು. 1902ರಲ್ಲಿ ಸತ್ತವರು 167, ಗಾಯಗೊಂಡವರು 2,864. ಈ ನಡುವೆ ರೈಲ್ವೆ ನೌಕರರ ಸಂಖ್ಯೆ ಹೆಚ್ಚಿತ್ತೇ ಹೊರತು ಇಳಿದಿರಲಿಲ್ಲ. 1908ರಲ್ಲಿ ಮಾಲಿಕರ ಹೊಣೆಗಾರಿಕೆಯ ಕಾಯಿದೆಯೂ ಬಂದಿತು.

ಕಾನೂನು ಬರುವ ಮೊದಲೇ ಅಂಗವಿಕಲರಾದವರನ್ನು ಕಾಫಿನ್ ಮರೆಯಲಿಲ್ಲ. ಇಲಿನಾಯ್‌ನ ಹೈಲ್ಯಾಂಡ್ ಪಾರ್ಕ್‌ನಲ್ಲಿ ವೃದ್ಧ ಹಾಗೂ ಅಂಗವಿಕಲ ರೈಲು ಕಾರ್ಮಿಕರ ಆಶ್ರಯಮನೆಗಾಗಿ ಅವರು ದುಡಿದರು. 1915ರ ಜನವರಿಯಲ್ಲಿ ತೀರಿಕೊಂಡಾಗ ಅವರಿಗೆ 91 ವರ್ಷ.