ನಾಣ್ಯ ತೂಗಿದ ಗಣಿತಜ್ಞ

‘ಆರ್’ ಭಾಷೆಯಲ್ಲಿ ಮ್ಯಾಟ್ರಿಕ್ಸ್ ಕಟ್ಟುವುದು ಒಂದೇ ಸಾಲಿನ ಕೆಲಸ. ಪಿಯುಸಿಯಲ್ಲಿ ಮಾತೃಕೆ ಅಂತ ಓದಿದ್ದೆವಲ್ಲ, ಅದೇ ಅಡ್ಡಸಾಲು ಕಂಬಸಾಲುಗಳ ಪಟ್ಟಿ. ತೂಕಗಳದ್ದೊಂದು ಸಾಲು, ಗುರುತುಗಳ ಎಣಿಕೆಯದ್ದೊಂದು ಸಾಲು ಕೈಯಲ್ಲಿದ್ದರೆ ‘ಸಿಬೈಂಡ್’ ಎಂದು ಬರೆದರಾಯಿತು, ಎರಡೂ ಪಕ್ಕಪಕ್ಕ ನಿಲ್ಲುತ್ತವೆ. ನಾನು ಈಗ ಇರುವ ಪುಣೆಯಲ್ಲೇ ಒಬ್ಬರು ಇಂಥ ಪಟ್ಟಿಗಳನ್ನು ತಕ್ಕಡಿ, ಕಾಗದ ಇಟ್ಟುಕೊಂಡು ವರ್ಷಗಟ್ಟಲೆ ಕಟ್ಟಿದ್ದರು. ಅವರು ದಾಮೋದರ ಧರ್ಮಾನಂದ ಕೋಸಂಬಿ.

ಕರ್ನಾಟಕದಲ್ಲಿ ಅವರನ್ನು ಇತಿಹಾಸಕಾರರೆಂದೇ ಹೆಚ್ಚು ಜನ ಬಲ್ಲರು. ಆದರೆ ಸಂಬಳ ಬರುತ್ತಿದ್ದುದು ಗಣಿತದಿಂದ. ಹುಟ್ಟಿದ್ದು 1907ರ ಜುಲೈ 31ರಂದು, ಗೋವಾದಲ್ಲಿ. ತಂದೆ ಧರ್ಮಾನಂದ ಕೋಸಂಬಿ ಬೌದ್ಧ ವಿದ್ವಾಂಸರು, ಫರ್ಗ್ಯುಸನ್ ಕಾಲೇಜಿನಲ್ಲಿ ಪಾಲಿ ಕಲಿಸಿದವರು. ತಂದೆಯ ಜೊತೆ ಅಮೆರಿಕಕ್ಕೆ ಹೋದ ಹುಡುಗ 1929ರಲ್ಲಿ ಹಾರ್ವರ್ಡ್ ಪದವಿ ಪಡೆದು ಬಂದ. ಪಿಎಚ್‌ಡಿ ಮಾಡಲೇ ಇಲ್ಲ. ಬನಾರಸ್, ಅಲಿಗಢಗಳಲ್ಲಿ ಸ್ವಲ್ಪ ಕಾಲ ಪಾಠ ಮಾಡಿ ತಂದೆ ಕಲಿಸಿದ ಫರ್ಗ್ಯುಸನ್ನಿಗೇ ಬಂದು, 1945ರವರೆಗೆ ಅಲ್ಲಿದ್ದರು.

ನಾಣ್ಯಗಳ ಕಥೆ ಶುರುವಾಗುವುದು ಇಲ್ಲಿ. ಸಂಖ್ಯಾಶಾಸ್ತ್ರ ಕಲಿಯಲು ಒಂದು ನಿಜವಾದ ಲೆಕ್ಕ ಬೇಕಿತ್ತು. ಟಂಕಸಾಲೆಯಿಂದ ಹೊರಬಿದ್ದಾಗ ನಾಣ್ಯಗಳ ತೂಕ ಹೆಚ್ಚುಕಡಿಮೆ ಒಂದೇ. ಕೈಯಿಂದ ಕೈಗೆ ದಾಟುತ್ತಾ ಸವೆಯುತ್ತವೆ. ಸವೆದಷ್ಟೂ ಸರಾಸರಿ ಇಳಿಯುತ್ತದೆ. ಒಂದೊಂದೂ ಒಂದೊಂದು ರೀತಿ ಸವೆಯುವುದರಿಂದ ತೂಕಗಳ ಹರವು ಹೆಚ್ಚುತ್ತದೆ. ಮೊದಲು ತಮ್ಮ ಕಾಲದ ಚಲಾವಣೆಯ ನಾಣ್ಯಗಳನ್ನೇ ತೂಗಿ ಇದನ್ನು ಖಾತ್ರಿ ಮಾಡಿಕೊಂಡರು. ಆಮೇಲೆ ತಕ್ಷಶಿಲೆಯ ಬೆಳ್ಳಿಯ ಮುದ್ರಾಂಕಿತ ನಾಣ್ಯಗಳಿಗೆ ಕೈಹಾಕಿದರು. ಅವುಗಳ ಹಿಂಬದಿಯಲ್ಲಿ ಸಣ್ಣ ಸಣ್ಣ ಗುರುತುಗಳಿರುತ್ತವೆ. ಆ ಗುರುತುಗಳು ಹೆಚ್ಚಿದಂತೆ ಸರಾಸರಿ ತೂಕ ಕ್ರಮವಾಗಿ ಇಳಿಯುತ್ತಿರುವುದು ಕಂಡಿತು. ಅಂದರೆ ನಾಣ್ಯ ಚಲಾವಣೆಯಲ್ಲಿದ್ದಾಗ ಅದನ್ನು ಕಾಲಕಾಲಕ್ಕೆ ಪರೀಕ್ಷಿಸಿ ಗುರುತು ಒತ್ತುತ್ತಿದ್ದರು. ಬರಹವೇ ಇಲ್ಲದ ನಾಣ್ಯಗಳಲ್ಲಿ ಯಾವುದು ಹಿಂದಿನದು, ಯಾವುದು ಮುಂದಿನದು ಎಂದು ಹೇಳಲು ದಾರಿ ಸಿಕ್ಕಿತು. ಇತಿಹಾಸಕ್ಕೆ ಅವರು ಬಂದದ್ದು ಈ ಬಾಗಿಲಿನಿಂದ. ‘ಭಾರತೀಯ ಇತಿಹಾಸದ ಅಧ್ಯಯನಕ್ಕೆ ಪ್ರವೇಶ’ ಎಂಬ ಅರ್ಥದ ಅವರ ಇಂಗ್ಲಿಷ್ ಗ್ರಂಥ ಬಂದದ್ದು 1956ರಲ್ಲಿ.

1943ರಲ್ಲಿ ಇನ್ನೊಂದು ಲೇಖನ ಬರೆದರು. ಏರಿಳಿಯುವ ರೇಖೆಗಳ ದೊಡ್ಡ ರಾಶಿಯನ್ನು ಕೆಲವೇ ಮೂಲ ರೇಖೆಗಳ ಬೆರಕೆಯಾಗಿ ಬಿಡಿಸಿ ತೋರಿಸುವ ವಿಧಾನ ಅದು. ಮುಖಗಳನ್ನು ಗುರುತಿಸುವ ತಂತ್ರಾಂಶಕ್ಕೂ ಇದೇ ಬಗೆಯ ವಿದ್ಯೆ ಬಳಕೆಯಾಗಿದೆ. ಕೆಲವೇ ವರ್ಷಗಳಲ್ಲಿ ಕಾರ್ಹುನೆನ್, ಲೊಯೆವ್ ಎಂಬಿಬ್ಬರು ಬೇರೆಬೇರೆಯಾಗಿ ಅಲ್ಲಿಗೇ ತಲುಪಿದರು. ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವುದು ಅವರ ಹೆಸರೇ. ಎಂಟೆಕ್‌ನಲ್ಲಿ ನಾನೂ ಆ ಎರಡೇ ಹೆಸರು ಓದಿ ಪರೀಕ್ಷೆ ಬರೆದೆ.

1945ರಲ್ಲಿ ಹೋಮಿ ಭಾಭಾ ಅವರನ್ನು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಕರೆದರು. ಮನೆ ಮಾತ್ರ ಪುಣೆಯಲ್ಲೇ, ಭಂಡಾರ್ಕರ್ ಸಂಸ್ಥೆಯ ಬಳಿ. ಓಡಾಟ ಡೆಕ್ಕನ್ ಕ್ವೀನ್ ರೈಲಿನಲ್ಲಿ. ಬಿಡುವಿದ್ದಾಗ ಸುತ್ತಲಿನ ಗುಡ್ಡ ಹತ್ತಿ ಶಿಲಾಯುಗದ ಚೂರುಗಳನ್ನು ಹೆಕ್ಕುತ್ತಿದ್ದರು. ಮಾತು ಮಾತ್ರ ಮೊನಚು. ಹಿರಿಯರೆಂದೂ ಅಧಿಕಾರಿಗಳೆಂದೂ ನೋಡುತ್ತಿರಲಿಲ್ಲ. ಪರಮಾಣು ಶಕ್ತಿಯ ಬದಲು ಸೌರಶಕ್ತಿ ಬೇಕೆಂದು ಭಾಭಾ ಇದ್ದಲ್ಲೇ ವಾದಿಸಿದ ಧೈರ್ಯವನ್ನು ಮೆಚ್ಚಲೇಬೇಕು. ಆದರೆ ಐವತ್ತರ ದಶಕದ ಕೊನೆಯಲ್ಲಿ, 1859ರಿಂದ ಯಾರಿಗೂ ಬಗೆಹರಿಯದ ರೀಮನ್ ಊಹೆಯನ್ನು ಸಂಖ್ಯಾಶಾಸ್ತ್ರದ ದಾರಿಯಿಂದ ಸಾಧಿಸಿದೆ ಎಂದು ಕೃಷಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಸಾಧನೆ ನಿಲ್ಲಲಿಲ್ಲ. ಗಣಿತಜ್ಞರ ನಡುವೆ ಹೆಸರು ಕೆಟ್ಟಿತು. 1962ರಲ್ಲಿ ಸಂಸ್ಥೆ ಅವರ ಕರಾರನ್ನು ನವೀಕರಿಸಲಿಲ್ಲ. 1966ರ ಜೂನ್ 29ರಂದು ಪುಣೆಯ ಮನೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡಾಗ ಅವರಿಗಿನ್ನೂ 59 ತುಂಬಿರಲಿಲ್ಲ.

ಇತಿಹಾಸ ಓದದವರೂ ಈಗ ಅವರ ಹೆಸರನ್ನು ಟೈಪ್ ಮಾಡುವ ಒಂದು ಜಾಗವಿದೆ. ಜೀನ್‌ಗಳ ನಡುವಿನ ಅಂತರ ಅಳೆಯಲು 1944ರಲ್ಲಿ ಅವರೊಂದು ಸೂತ್ರ ಕೊಟ್ಟಿದ್ದರು. ಹಾಲ್ಡೇನರ ಹಳೆಯ ಸೂತ್ರದಲ್ಲಿ, ವರ್ಣತಂತುವಿನ ಒಂದು ಕಡೆ ಅದಲುಬದಲಾದರೆ ಪಕ್ಕದಲ್ಲಿ ಇನ್ನೊಂದು ನಡೆಯುವ ಸಂಭವ ಬದಲಾಗುವುದಿಲ್ಲ. ಕೋಸಂಬಿ ಅದು ಕಡಿಮೆಯಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತಂದರು. ನೂರರಲ್ಲಿ 20 ಅದಲುಬದಲಿಗೆ ಹಾಲ್ಡೇನ್ ಅಂತರ 25.5 ಸೆಂಟಿಮಾರ್ಗನ್, ಕೋಸಂಬಿ ಅಂತರ 21.2. ‘ಆರ್’ನಲ್ಲಿ ‘ಕ್ಯೂಟಿಎಲ್’ ಎಂಬ ಪ್ಯಾಕೇಜ್ ಹಾಕಿಕೊಂಡು ನಕ್ಷೆ ಕಟ್ಟಹೊರಟರೆ ಯಾವ ಸೂತ್ರ ಬೇಕೆಂದು ಆರಿಸಬಹುದು. ಅಲ್ಲಿ ಹಾಲ್ಡೇನ್ ಪಕ್ಕದಲ್ಲಿ, ಸಣ್ಣ ಅಕ್ಷರಗಳಲ್ಲಿ, ಕೋಸಂಬಿ ಎಂದಿದೆ.